ಎಕ್ಸ್‌ರೇಯಲ್ಲಿ ಕಂಡ ಕಪ್ಪು ಗೆರೆ

ಮಗಳು ಸೈಕಲ್‌ನಿಂದ ಬಿದ್ದಿದ್ದಳು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಕಪ್ಪು ಗೆರೆ ನೋಡಿ ಎದೆ ಧಸಕ್ಕೆಂದಿತು. ‘ಮುರಿದಿಲ್ಲಮ್ಮ, ಅದು ಬೆಳೆಯೋ ಜಾಗ, ಇನ್ನೂ ಮೆದು ಮೂಳೆ’ ಅಂದರು ಡಾಕ್ಟರು.

ಆ ಮೆದು ಮೂಳೆಯೊಳಗೆ ರಕ್ತನಾಳವೇ ಇರುವುದಿಲ್ಲ. ಕಾಂಡ್ರೊಮಾಡ್ಯುಲಿನ್‌ನಂಥ ಪ್ರೋಟೀನುಗಳು ನಾಳಗಳನ್ನು ಒಳಗೆ ಬಿಡದೆ ತಡೆಯುತ್ತವೆ. ಕೋಶಗಳು ಉಬ್ಬಿ ಬಲಿತಾಗ ಆ ತಡೆ ಸಡಿಲವಾಗುತ್ತದೆ. ಆಗ ಅವೇ ಕೋಶಗಳು ವಿಇಜಿಎಫ್ ಅನ್ನೋ ಇನ್ನೊಂದು ಪ್ರೋಟೀನ್ ಬಿಟ್ಟು ನಾಳಗಳನ್ನು ಕರೆಯುತ್ತವೆ. ರಕ್ತ ಬಂದ ಮೇಲೆಯೇ ಮೂಳೆ ಕಟ್ಟುವ ಕೆಲಸ. 1975ರಲ್ಲಿ ಬ್ರೆಮ್ ಮತ್ತು ಫೋಕ್‌ಮನ್ ಅನ್ನೋ ಸಂಶೋಧಕರು ಮೊಲದ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಪಾರದರ್ಶಕ ಮುಂಪದರದಲ್ಲಿ, ಕ್ಯಾನ್ಸರ್ ಗಡ್ಡೆಯ ಪಕ್ಕ ಮೆದು ಮೂಳೆಯ ಚೂರು ಇಟ್ಟು ನೋಡಿದ್ದರು. ಗಡ್ಡೆಯತ್ತ ಹೊರಟ ನಾಳಗಳ ಬೆಳವಣಿಗೆಯೂ ಕುಗ್ಗಿತ್ತು!

ರಾತ್ರಿ, ನಿದ್ದೆಯಲ್ಲಿದ್ದ ಅವಳ ಪುಟ್ಟ ಮಣಿಕಟ್ಟು ಹಿಡಿದು ಸುಮ್ನೆ ಕೂತಿದ್ದೆ. ಈ ಚರ್ಮದ ಕೆಳಗೆ ಈಗಲೂ ಅದೆಲ್ಲ ನಡೀತಿದೆ ಅಲ್ವಾ.