ಎಂಜಿನ್ ಕೂರಿಸಿದ ಸೈಕಲ್‌ನಲ್ಲಿ ನೂರು ಕಿಲೋಮೀಟರ್

ನಲವತ್ತು ಕಿಲೋಮೀಟರ್ ಆಗಿತ್ತಷ್ಟೇ, ಹಿಂದಿನ ಚಕ್ರ ಕಟಕಟ ಅಂತ ಸದ್ದು ಮಾಡಿ ಜಾಮ್ ಆಯಿತು. ಇಳಿದು ನೋಡಿದರೆ ಎಂಜಿನ್ ಚೈನನ್ನು ಬಿಗಿಯಾಗಿಡುವ ಚಿಕ್ಕ ಗಾಲಿ, ಅಂದರೆ ಚೈನ್ ಟೆನ್ಷನರ್, ಬುಡಸಮೇತ ತಿರುಗಿ ಸ್ಪೋಕ್‌ಗಳೊಳಗೆ ನುಗ್ಗಿದೆ. ಮೂರು ಸ್ಪೋಕ್ ಕಟ್. ಏರು ದಾರಿ, ನಿಧಾನವಾಗಿ ಹೋಗುತ್ತಿದ್ದೆ, ಬಚಾವಾದೆ.

ತಪ್ಪು ನನ್ನದೇ. ಸೈಕಲ್ಲಿಗೆ ಕೂರಿಸುವ ಈ ಟೂ ಸ್ಟ್ರೋಕ್ ಎಂಜಿನ್ ಕಿಟ್‌ಗಳಲ್ಲಿ ಹಿಂದಿನ ದೊಡ್ಡ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಅನ್ನು ರಬ್ಬರ್ ಬಿಲ್ಲೆಗಳ ನಡುವೆ ಸ್ಪೋಕ್ ಹಿಡಿಸಿ ಒಂಬತ್ತು ಬೋಲ್ಟ್ ಹಾಕಿ ಕೂರಿಸುತ್ತಾರೆ. ಒಂದು ಬೋಲ್ಟನ್ನೇ ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋದರೆ ಸ್ಪ್ರಾಕೆಟ್ ವಾಲುತ್ತದೆ. ಆಮೇಲೆ ಚೈನು ಒಂದು ಸುತ್ತಿನಲ್ಲೇ ಒಮ್ಮೆ ಬಿಗಿ, ಒಮ್ಮೆ ಸಡಿಲ. ಆ ಎಳೆತಕ್ಕೆ ಟೆನ್ಷನರ್ ಜರುಗುತ್ತದೆ. ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಫ್ರೇಮಿಗೆ ಒತ್ತಿ ಪೆನ್ಸಿಲ್ ಹಿಡಿದು ಚಕ್ರ ತಿರುಗಿಸಿ. ಹಲ್ಲುಗಳು ಅದರ ತುದಿಗೆ ಹತ್ತಿರ, ದೂರ ಆಗುತ್ತಿದ್ದರೆ ಮತ್ತೆ ಬಿಚ್ಚಿ. ನನಗೂ ಕಂಡಿತ್ತು. 'ಇರ್ಲಿ ಬಿಡು' ಅಂದುಕೊಂಡಿದ್ದೆ.

ಪುಣ್ಯಕ್ಕೆ ಪೆಡಲ್ ಚೈನು ಬೇರೆ ಇರುತ್ತದಲ್ವಾ. ಎಂಜಿನ್ ಚೈನು ಕಳಚಿ, ಮುರಿದ ಸ್ಪೋಕ್‌ಗಳನ್ನು ಪಕ್ಕದವಕ್ಕೆ ಸುತ್ತಿ, ತುಳಿದುಕೊಂಡೇ ರಿಪೇರಿ ಅಂಗಡಿ ತಲುಪಿದೆ. ಎಂಜಿನ್ ಭಾರ ಹೊತ್ತು ತುಳಿಯುವುದು ಸುಮ್ನೆ ಮಾತಲ್ಲ. ಅಲ್ಲಿ ಟೆನ್ಷನರ್ ಮತ್ತೆ ತಿರುಗದಂತೆ ಫ್ರೇಮಿಗೇ ಸ್ಕ್ರೂ ಹೊಡೆಸಿದೆ. ನೀವು ಹೊರಡುವ ಮುಂಚೆ ಮನೆಯಲ್ಲೇ ಮಾಡಿಕೊಳ್ಳಿ.

ಇನ್ನು ಪೆಟ್ರೋಲ್. ಈ ಎಂಜಿನ್ನಿಗೆ ಬೇರೆ ಆಯಿಲ್ ವ್ಯವಸ್ಥೆ ಇಲ್ಲ, ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸತರಲ್ಲಿ ನಾನು ಲೀಟರಿಗೆ 50 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿದೆ. ಒಂದೊಂದು ಲೀಟರಿಗೆ ಆಗುವಷ್ಟು ಆಯಿಲನ್ನು ಚಿಕ್ಕ ಬಾಟಲಿಗಳಲ್ಲಿ ಅಳೆದಿಟ್ಟುಕೊಂಡರೆ ದಾರಿಯಲ್ಲಿ ಲೆಕ್ಕ ತಪ್ಪುವುದಿಲ್ಲ.

ನಡುಕ ಜಾಸ್ತಿ. ಪ್ರತಿ 20 ಕಿಲೋಮೀಟರಿಗೆ ನಿಲ್ಲಿಸಿ ಎಂಜಿನ್ ಬೋಲ್ಟು, ಸೈಲೆನ್ಸರ್ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ನಿಮ್ಮ ಅಂಗೈಗೂ ಆಗ ಜೀವ ಬರುತ್ತದೆ.

ಬ್ರೇಕ್ ಮಾತ್ರ ಸೈಕಲ್‌ದೇ, ಮರೆಯಬೇಡಿ. ಗಂಟೆಗೆ 30 ಕಿಲೋಮೀಟರ್ ವೇಗದ ಮೇಲೆ ನಾನು ಓಡಿಸಲಿಲ್ಲ. ಕಬ್ಬಿಣದ ಫ್ರೇಮ್ ಇರುವ ಸೈಕಲ್ಲನ್ನೇ ಆರಿಸಿ, ಅಲ್ಯೂಮಿನಿಯಂ ಬೇಡ. ಹಾಂ, ಇಂಥ ಗಾಡಿ ರಸ್ತೆಗಿಳಿಸಲು ನಿಮ್ಮಲ್ಲಿ ಅನುಮತಿ ಇದೆಯಾ ಅಂತ ಕಿಟ್ ಕೊಳ್ಳುವ ಮುಂಚೆಯೇ ವಿಚಾರಿಸಿ. ರಾತ್ರಿ ನಿಲ್ಲಿಸಿದಾಗ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡಿ. ನಾನು ಮರೆತಿದ್ದೆ, ಬೆಳಗ್ಗೆ ನೋಡಿದರೆ ಅರ್ಧ ಟ್ಯಾಂಕ್ ನೆಲದ ಮೇಲಿತ್ತು.