"ಯಾವ ಫೈಲ್ ಡಿಲೀಟ್ ಮಾಡ್ಬೇಕು ಸರ್?"

ಮಂಗಳೂರಿನ ಬಿಜೈಯ ನಮ್ಮ ಸಣ್ಣ ಆಫೀಸಿನಲ್ಲಿ ಸರ್ವರ್, ರೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದಿಬ್ಬರು ಹೊಸಬರು ಸೇರುತ್ತಾರೆ, ಅವರಿಗೆ ಲಿನಕ್ಸ್ ಕಲಿಸುವುದೂ ನನ್ನ ತಲೆಗೇ. ಈ ಸಲ ಪುತ್ತೂರಿನಿಂದ ಬಂದ ಹುಡುಗಿಗೆ ಒಂದು ರೂಟ್, ಅಂದರೆ ನೆಟ್‌ವರ್ಕಿನಲ್ಲಿ ಡೇಟಾ ಹೋಗುವ ದಾರಿ, ಸೇರಿಸಲು ಹೇಳಿ ಊಟಕ್ಕೆ ಹೋದೆ. ವಾಪಸ್ ಬಂದ ಕೂಡಲೇ ಅವಳು ಕೇಳಿದ್ದೇ ಮೇಲಿನ ಪ್ರಶ್ನೆ.

ಸ್ಕ್ರೀನಿನಲ್ಲಿ ಒಂದೇ ಸಾಲು: 'ಆರ್‌ಟಿನೆಟ್‌ಲಿಂಕ್ ಆನ್ಸರ್ಸ್: ಫೈಲ್ ಎಕ್ಸಿಸ್ಟ್ಸ್', ಅಂದರೆ 'ಫೈಲ್ ಉಂಟು'. ಆ ರೂಟ್ ಮೊದಲೇ ಇತ್ತು, ಅಷ್ಟೇ. ಫೈಲೂ ಇಲ್ಲ, ಎಂತದೂ ಇಲ್ಲ. 'ಇದು ಆಗಲೇ ಉಂಟು' ಎನ್ನಲು ಲಿನಕ್ಸ್‌ನ ತಿರುಳಾದ ಕರ್ನೆಲ್ 17ನೇ ನಂಬರಿನ ಎರರ್ ಕಳಿಸುತ್ತದೆ. ಲಿನಕ್ಸ್‌ಗಿಂತ ಹಳೆಯ ಯುನಿಕ್ಸ್ ಕಾಲದಿಂದ ಆ ನಂಬರಿಗೆ ಅಂಟಿಕೊಂಡಿರುವ ಮಾತು ಅದು; ರೂಟ್ ಸೇರಿಸುವ 'ಐಪಿ' ಕಮಾಂಡ್ ಅದನ್ನೇ ಗಿಣಿಯಂತೆ ಒಪ್ಪಿಸುತ್ತದೆ. ಪಾಪ, ಅವಳು ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರ್ ಇಡೀ ಜಾಲಾಡಿ ಚೀಟಿಯಲ್ಲಿ ಮೂರು ಫೈಲಿನ ಹೆಸರು ಬರೆದಿಟ್ಟಿದ್ದಳು. ಡಿಲೀಟ್ ಮಾಡುವ ಮೊದಲು ಕೇಳಿದಳಲ್ಲ, ನಮ್ಮ ಪುಣ್ಯ. ನಾನು ವರ್ಷಗಟ್ಟಲೆ ಆ ಸಾಲು ಕಂಡವನೇ, ಓದಿದ್ದು ಮಾತ್ರ ಅವತ್ತು.

ಆಚೆಯ ಕಂಪ್ಯೂಟರ್ ಉತ್ತರ ಕೊಡ್ತದಾ ಎಂದು ನೋಡುವ ಪಿಂಗ್ ಕಮಾಂಡಿನದ್ದೂ ಇದೇ ಕಥೆ. ವಿಂಡೋಸ್‌ನಲ್ಲಿ ನಾಲ್ಕು ಸಲ ಕಳಿಸಿ ನಿಲ್ಲುತ್ತದೆ, ಲಿನಕ್ಸ್‌ನಲ್ಲಿ 'ಮೈನಸ್ ಸಿ 4' ಹಾಕದಿದ್ದರೆ ನಿಲ್ಲುವುದೇ ಇಲ್ಲ. ಹೊಸಬರು ಸಿಸ್ಟಮ್ ಹ್ಯಾಂಗ್ ಆಯ್ತು ಅಂದುಕೊಳ್ಳುತ್ತಾರೆ.

ಆ ವಾರವೇ ಕೂತು, ನೆಟ್ ಸರಿ ಇದೆಯಾ ಎಂದು ಕಮಾಂಡುಗಳನ್ನು ತಾನೇ ಓಡಿಸಿ ನೋಡುವ 'ನೋಡು' ಅಂತ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಎಲ್ಲ ಸರಿ ಇದ್ದರೆ ಹಸಿರು ಟಿಕ್, ಇಲ್ಲದಿದ್ದರೆ ಕೆಂಪಿನಲ್ಲಿ 'ನೆಟ್ ಇಲ್ಲ'. ನೋಡಲು ಚಂದವೇ ಇತ್ತು. ಎರಡು ವಾರಕ್ಕೇ ಮಾನ ಹೋಯ್ತು. ಜಡಿಮಳೆಯ ಒಂದು ಸಂಜೆ ಗಿರಾಕಿಯೊಬ್ಬರ ಕಡೆ ಕೆಂಪು ಬಂತು. ಫೈಬರ್ ಕಟ್ ಆಗಿದೆ ಎಂದು ಇನ್ನೊಬ್ಬ ಹೊಸ ಹುಡುಗ ಲೈನ್‌ನವರನ್ನು ಆ ಮಳೆಯಲ್ಲೇ ಓಡಿಸಿದ. ಲೈನ್ ಸರಿಯಿತ್ತು. ಬಿದ್ದದ್ದು ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಅದರ ಐಪಿ ನಂಬರ್ ಹುಡುಕಿಕೊಡುವ ವ್ಯವಸ್ಥೆ. ಗೂಗಲ್‌ನ 8.8.8.8 ಎಂಬ ಐಪಿ ನಂಬರಿಗೆ ಪಿಂಗ್ ಹೋಗುತ್ತಿತ್ತು, ಸೈಟಿನ ಹೆಸರು ಹಾಕಿದರೆ ಇಲ್ಲ. ಆ ವ್ಯತ್ಯಾಸವನ್ನೇ ನನ್ನ ಸ್ಕ್ರಿಪ್ಟ್ ನುಂಗಿ ಕೂತಿತ್ತು. ಸುಲಭ ಮಾಡುವ ಗಡಿಬಿಡಿಯಲ್ಲಿ ಬೇಕಾದ ಸುದ್ದಿಯನ್ನೇ ಅಡಗಿಸಿಟ್ಟಿದ್ದೆ.

ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ "ಸುರತ್ಕಲ್ ಹೋಗ್ತದಾ?" ಅಂತ ತಪ್ಪು ಬಸ್ಸಿಗೆ ಕೈ ತೋರಿಸಿ ಕೇಳಿ ನೋಡಿ. ಕಂಡಕ್ಟರ್ ಬರೀ 'ಇಲ್ಲ' ಅನ್ನುವುದಿಲ್ಲ. "ಇದಲ್ಲ, ಆಚೆ ನಿಂತದ್ದು, ಬೇಗ ಹೋಗಿ" ಎನ್ನುತ್ತಾನೆ. ನನ್ನ ಕಮಾಂಡಿಗೆ ಇಲ್ಲದ್ದು ಆ ಎರಡನೇ ಮಾತು.

ಮತ್ತೆ ಬರೆದೆ. ಈಗ 'ನೋಡು' ಮೊದಲು ಇಂಟರ್‌ಫೇಸ್ (ನಮ್ಮ ಕಂಪ್ಯೂಟರಿನ ನೆಟ್ ಕನೆಕ್ಷನ್), ನಂತರ ಗೇಟ್‌ವೇ (ಹೊರಗೆ ದಾಟಿಸುವ ರೂಟರ್), ಹೊರಗಿನ ಐಪಿ, ಡಿಎನ್‌ಎಸ್, ಕೊನೆಗೆ ಪೋರ್ಟ್ (ಆಚೆಯ ಸರ್ವೀಸಿನ ಬಾಗಿಲು), ಹೀಗೆ ಒಂದೊಂದೇ ನೋಡುತ್ತದೆ. ಎಲ್ಲಿ ತಪ್ಪಿತೋ ಅಲ್ಲೇ ನಿಂತು ಹೇಳುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಆಚೆಯಿಂದ ಉತ್ತರವಂತೂ ಬಂದಿದೆ, ಮೊದಲು ಸರ್ವೀಸ್ ಓಡುತ್ತಿದೆಯಾ ನೋಡು. 'ಟೈಮ್ಡ್ ಔಟ್' ಅಂದರೆ ಉತ್ತರವೇ ಇಲ್ಲ, ತಡೆಯುವ ಫೈರ್‌ವಾಲ್, ರೂಟ್ ನೋಡು. ಪ್ರತಿ ಹೆಜ್ಜೆಯ ಕೆಳಗೆ ತಾನು ಓಡಿಸಿದ ಅಸಲಿ ಕಮಾಂಡನ್ನೂ ಬರೆಯುತ್ತದೆ. ಇಲ್ಲದಿದ್ದರೆ ನನ್ನ ಸ್ಕ್ರಿಪ್ಟ್ ಇಲ್ಲದ ಸರ್ವರಿನಲ್ಲಿ ಇವರು ಎಂತ ಮಾಡುವುದು?

17ನೇ ಎರರಿನ ಸಾಲು ಮಾತ್ರ ನನ್ನದಲ್ಲ. ಅದನ್ನು ಪುತ್ತೂರಿನ ಹುಡುಗಿಯೇ ಬರೆದದ್ದು: "ಈ ರೂಟ್ ಆಗಲೇ ಉಂಟು. ಬದಲಿಸಲಿಕ್ಕೆ 'ಆಡ್' ತೆಗೆದು 'ರಿಪ್ಲೇಸ್' ಹಾಕಿ. ಫೈಲ್ ಹುಡುಕ್ಬೇಡಿ."