ಅಣ್ಣನ ಕುತ್ತಿಗೆ

ಮುಂಬೈ ಬಳಿಯ ಡೊಂಬಿವಲಿಯ ಲೋಕಲ್ ಟ್ರೇನ್‌ನಲ್ಲಿ ದಿನಾ ನಿಂತೇ ಓಡಾಡಿ ಅಣ್ಣನ ಕುತ್ತಿಗೆ ಹಿಡಿದಿತ್ತು. ನಿನ್ನೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬೆನ್ನು ಒತ್ತಿದಾಗ 'ಲಟಕ್' ಅಂದಿತು. ನನ್ನ ಎದೆ ಝಲ್ಲೆಂದಿತು. ಅದು ಮೂಳೆಯ ಸದ್ದಲ್ಲ, ಕೀಲಿನ ದ್ರವದೊಳಗಿನ ಅನಿಲದ್ದು. ಎದ್ದು ಕೂತವನೇ "ತಲೆ ಹಗುರಾಯ್ತು ಕಣೋ" ಅಂದ.

ಈ ಚಿಕಿತ್ಸೆ ಮಿದುಳನ್ನೇ ಸರಿಮಾಡುತ್ತದೆ ಅನ್ನುವವರೂ ಇದ್ದಾರೆ. ಬೆನ್ನಿನ ಕೀಲು, ಸ್ನಾಯುಗಳಿಂದ ಮಿದುಳಿಗೆ ಸದಾ ಸುದ್ದಿ ಹೋಗುತ್ತಲೇ ಇರುತ್ತದೆ. ಹಾಗಾಗಿ ಚಿಕಿತ್ಸೆಗೆ ಮುಂಚೆ, ಆಮೇಲೆ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆದು ನೋಡಿದವರಿದ್ದಾರೆ. ಅಲೆಗಳು ಬದಲಾಗಿದ್ದೂ ಕಂಡಿದೆ. ಆದರೆ ಸುಮ್ಮನೆ ಕಣ್ಣು ಮುಚ್ಚಿ ಮಲಗಿದರೂ 8ರಿಂದ 13 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ) ಆಲ್ಫಾ ಅಲೆ ಏರುತ್ತದಲ್ಲ! 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಗುರುತಿಸಿದ ಅಲೆ ಅದು. ಅದಕ್ಕೇ 'ಮಿದುಳನ್ನೇ ಸರಿಮಾಡ್ತೀವಿ' ಅನ್ನುವ ಮಾತನ್ನು ನಾನು ನಂಬಲಾರೆ. ಅಣ್ಣನ ನೋವು ಇಳಿದಿದ್ದನ್ನು ಮಾತ್ರ ಕಣ್ಣಾರೆ ಕಂಡೆ. ಬೆಳಿಗ್ಗೆ ಚಹಾ ಕೊಟ್ಟಾಗ ಕುತ್ತಿಗೆ ಪೂರ್ತಿ ತಿರುಗಿಸಿ ನನ್ನನ್ನು ನೋಡಿದ.